ಮೀನಾಕ್ಷಿ ಮೇಡಂ ಹೆದರಿದ ದಿನ

ಮೀನಾಕ್ಷಿ ಮೇಡಂ ನಮ್ಮ ಹಳೇಬೀಡಿನ ಪ್ರೌಢಶಾಲೆಗೆ ಪಿ.ಟಿ. ಟೀಚರಾಗಿ ಬಂದ ಹೊಸತರಲ್ಲೇ ಮಕ್ಕಳು ಅವರ ಬಗ್ಗೆ ಒಂದು ಸಂಗತಿ ಪತ್ತೆ ಮಾಡಿದ್ದರು. ಅವರ ಶೂ ಲೇಸು ಮಾತುಮಾತಿಗೂ ಬಿಚ್ಚಿಕೊಳ್ಳುತ್ತಿತ್ತು. ಡ್ರಿಲ್ ಮಾಡಿಸುತ್ತಿದ್ದವರು ಇದ್ದಕ್ಕಿದ್ದಂತೆ ಮೈದಾನದ ನಡುವೆ ಕೂತು, ಹಣೆ ಮೊಣಕಾಲಿಗೆ ತಾಗುವಷ್ಟು ಬಗ್ಗಿ ಲೇಸು ಕಟ್ಟಿಕೊಳ್ಳುವರು. ಬೇರೆಯವರಿಗೆ ಅರೆ ನಿಮಿಷದ ಕೆಲಸ, ಅವರಿಗೆ ಬಹಳ ಹೊತ್ತು ಹಿಡಿಯುತ್ತಿತ್ತು. ಎದ್ದಾಗ ಮುಖವೆಲ್ಲ ಬೆವರು. ಆಮೇಲೆ ಜೋರಾಗಿ ಒಂದು ವಿಷಲ್ ಊದಿ, ಡ್ರಿಲ್ ಬಿಟ್ಟಲ್ಲಿಂದ ಶುರು ಮಾಡುವರು. ಒಳ್ಳೆಯ ಶೂ ತಗೋಬಾರದಾ ಮೇಡಂ ಎಂದು ನಾನೇ ಒಮ್ಮೆ ಕೇಳಿದ್ದೆ. ಶೂ ಚೆನ್ನಾಗಿಯೇ ಇದೆ ಸರ್ ಎಂದಿದ್ದರು.

ನಾನು ಅದೇ ಶಾಲೆಯಲ್ಲಿ ಸಮಾಜ ಪಾಠ ಹೇಳುವವನು, ಹೆಸರು ಇಂದುಧರ. ಈ ಕತೆಯಲ್ಲಿ ನನ್ನ ಪಾಲಿನ ಕೆಲಸ ಕಾರು ಓಡಿಸಿದ್ದು. ಮಿಕ್ಕಿದ್ದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಅರ್ಧ ಅವರ ಮನೆಯವರು ಆಮೇಲೆ ಹೇಳಿದ್ದು.

ಮೇಡಂ ಹುಟ್ಟಿ ಬೆಳೆದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಮರಿಯಣ್ಣ ಗ್ಯಾಂಗ್‌ಮನ್ ಆಗಿ ರೈಲ್ವೆ ಸೇರಿ, ಗ್ಯಾಂಗಿನ ಮೇಸ್ತ್ರಿಯಾಗಿ ನಿವೃತ್ತರಾದರು. ಹಳಿಯ ಮೇಲೆ ಮೈಲಿಗಟ್ಟಲೆ ನಡೆದು ಬೋಲ್ಟು ಸಡಿಲಾಗಿದೆಯೇ ಎಂದು ನೋಡುವ ಕೆಲಸ. ಮರಿಯಣ್ಣನವರ ಅಜ್ಜ ಊರ ಪಟೇಲರು ಎದುರಾದರೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರಂತೆ. ಮರಿಯಣ್ಣನವರ ಅಪ್ಪ ಚಪ್ಪಲಿ ಕಳಚದಿದ್ದರೂ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಿದ್ದರು. ಮರಿಯಣ್ಣ ದಾರಿ ಬಿಡುತ್ತಿದ್ದುದು ರೈಲಿಗೆ ಮಾತ್ರ. ಮದುವೆಯಾದ ಮೇಲೆ ಬೌದ್ಧರಾದರು, ಮನೆಯ ಗೋಡೆಯ ಮೇಲಿದ್ದ ಪಟಗಳನ್ನೆಲ್ಲ ಇಳಿಸಿ ಬುದ್ಧನದೊಂದು ಪಟ ತಂದು ಹಾಕಿದರು. ಮಕ್ಕಳನ್ನು ಓದಿಸಿದರು. ಅವರು ಮನೆಯಲ್ಲಿ ಇಟ್ಟುಕೊಂಡಿದ್ದ ಕಾನೂನು ಒಂದೇ, ಯಾರೂ ಹೆದರಬಾರದು.

"ಹೆದರಿಕೆ ನಮ್ಮನೇಲಿ ಮೂರು ತಲೆಮಾರು ಉಂಡು ಮಲಗೈತೆ. ಇನ್ನು ಅದಕ್ಕೆ ಅನ್ನ ಇಲ್ಲ" ಎನ್ನುತ್ತಿದ್ದರು.

ಮೀನಾಕ್ಷಿಗೆ ಮೊದಲ ಸಲ ಎದೆ ಓಡಿದ್ದು ಏಳನೇ ಕ್ಲಾಸಿನಲ್ಲಿ. ಆಗ ಆಕೆ ಓಡುತ್ತಿರಲಿಲ್ಲ, ಸುಮ್ಮನೆ ಬೆಂಚಿನ ಮೇಲೆ ಕೂತಿದ್ದಳು. ಯಾರೋ ಒಳಗೆ ಸ್ವಿಚ್ ಒತ್ತಿದ ಹಾಗೆ ಎದೆ ಶುರುವಾಯಿತು. ಬಡಿತವೋ ನಡುಕವೋ ಗೊತ್ತಾಗದಷ್ಟು ಜೋರು. ಕತ್ತಿನ ನರ ಕುಣಿಯುತ್ತಿತ್ತು, ಕಿವಿ ಗುಂಯ್ ಎನ್ನುತ್ತಿತ್ತು. ಒಂದಷ್ಟು ಹೊತ್ತಾದ ಮೇಲೆ ಅದೇ ಸ್ವಿಚ್ ಆರಿಸಿದ ಹಾಗೆ ತಾನಾಗಿಯೇ ನಿಂತಿತು. ಮನೆಗೆ ಬಂದು ಹೇಳಿದಳು. ತಾಯಿ ಮಾರಮ್ಮ, ಮಗುವಿಗೆ ಗಾಳಿ ಸೋಕಿದೆ ಎಂದರು. ಮರಿಯಣ್ಣ, ಅದು ಹೆದರಿಕೆ ಎಂದರು. ಮರಿಯಣ್ಣ ಡ್ಯೂಟಿಗೆ ಹೋಗಿದ್ದಾಗ ಮಾರಮ್ಮ ಮಗಳನ್ನು ಕರೆದುಕೊಂಡು ಹೋಗಿ ತೋಳಿಗೆ ಒಂದು ಅಂತ್ರ ಕಟ್ಟಿಸಿಕೊಂಡು ಬಂದರು. ಮರಿಯಣ್ಣ ಸಂಜೆ ಬಂದು ನೋಡಿ, ಅದನ್ನು ಬಿಚ್ಚಿಟ್ಟರು. ಮುಂದೆ ಡಾಕ್ಟರಿಗೆ ತೋರಿಸಿದಾಗ ಅವರು ಹೊಟ್ಟೆ ಒತ್ತಿ ನೋಡಿ, ಗ್ಯಾಸ್ ಎಂದರು. ಡಾಕ್ಟ್ರು ಕೂಡ ಗಾಳೀನೇ ಅಂದ್ರಲ್ಲ ಎಂದು ಮಾರಮ್ಮ ಗಂಡನ ಮುಖ ನೋಡಿದರಂತೆ.

ಆಮೇಲೆ ಅದು ವರ್ಷಕ್ಕೆ ನಾಲ್ಕೈದು ಸಲ ಬರುತ್ತಿತ್ತು. ಯಾವಾಗ, ಏಕೆ ಎನ್ನುವಂತಿರಲಿಲ್ಲ. ಪಿಯುಸಿಯಲ್ಲಿದ್ದಾಗ ಹಾಸನದಲ್ಲಿ ಜಿಲ್ಲಾ ಖೋಖೋ ತಂಡದ ಆಯ್ಕೆ ಇತ್ತು. ಮೀನಾಕ್ಷಿ ಸರದಿಗೆ ಕಾಯುತ್ತಾ ನಿಂತಿದ್ದಾಗಲೇ ಎದೆ ಶುರುವಾಯಿತು. ಜೊತೆಗೆ ಬಂದಿದ್ದ ಅಪ್ಪನಿಗೆ ಹೇಳಿದಳು. ಮರಿಯಣ್ಣ ಅವಳ ಬೆನ್ನಿನ ಮೇಲೆ ಕೈಯಿಟ್ಟು, ಇದು ಹೆದರಿಕೆ, ಅದರ ಮಾತು ಕೇಳಬೇಡ, ಓಡು ಎಂದರು. ಓಡಿದಳು. ಕಣ್ಣಿಗೆ ಕತ್ತಲೆ ಕಟ್ಟಿ, ಕಂಬ ಎಲ್ಲಿದೆ ಎಂದು ಕಾಣದೆ, ಕೂತಿದ್ದ ಹುಡುಗಿಯ ಮೇಲೆ ಬಿದ್ದಳು. ಆಯ್ಕೆಯಾಗಲಿಲ್ಲ. ಅಪ್ಪ ಬೈಯಲಿಲ್ಲ. ಅರಸೀಕೆರೆ ಬರುವವರೆಗೆ ರೈಲಿನಲ್ಲಿ ಇಬ್ಬರೂ ಕಿಟಕಿಯ ಆಚೆ ನೋಡುತ್ತಾ ಕೂತಿದ್ದರು. ಆ ದಿನದಿಂದ ಮೀನಾಕ್ಷಿ ತನ್ನ ಎದೆಯ ವಿಷಯ ಮನೆಯಲ್ಲಿ ಹೇಳುವುದನ್ನು ಬಿಟ್ಟಳು. ತಾನು ಹೆದರುಪುಕ್ಕಲಿ ಎಂಬ ಸಂಗತಿ ಆಕೆಗೆ ಖಚಿತವಾಗಿತ್ತು. ಅದನ್ನು ಬೇರೆಯವರಿಗೆ ಗೊತ್ತಾಗದಂತೆ ನೋಡಿಕೊಂಡರೆ ಆಯಿತು ಎಂದುಕೊಂಡಳು.

ಹಾಗೆ ನೋಡಿಕೊಳ್ಳಲು ಆಕೆ ಹುಡುಕಿಕೊಂಡ ದಾರಿ, ಹೆದರಿಕೆ ಹುಟ್ಟಿಸುವ ಕೆಲಸವನ್ನೆಲ್ಲ ಹುಡುಕಿ ಮಾಡುವುದು. ಬಾವಿಗೆ ಮೇಲಿನಿಂದ ಜಿಗಿದು ಈಜು ಕಲಿತಳು. ಕಾಲೇಜಿನಲ್ಲಿ ಹುಡುಗಿಯರನ್ನು ಛೇಡಿಸುತ್ತಿದ್ದವನೊಬ್ಬನನ್ನು ಬಸ್ ನಿಲ್ದಾಣದಲ್ಲಿ ಕಾಲರ್ ಹಿಡಿದು ನಿಲ್ಲಿಸಿದಳು. ಬಿ.ಪಿ.ಎಡ್. ಮಾಡಿ, ಸರ್ಕಾರಿ ಕೆಲಸ ಹಿಡಿದು, ಗಂಡಸರೇ ತುಂಬಿದ್ದ ತಾಲ್ಲೂಕಿನ ಪಿ.ಟಿ. ಮಾಸ್ತರುಗಳ ಮಧ್ಯೆ ನಿಂತಳು. ಎದೆ ಓಡಿದಾಗ ತಲೆ ತಗ್ಗಿಸಿ ಕೂತರೆ, ಉಸಿರು ಕಟ್ಟಿ ತಿಣುಕಿದರೆ, ಜೋರಾಗಿ ವಿಷಲ್ ಊದಿದರೆ ಬಹಳ ಸಲ ನಿಲ್ಲುತ್ತದೆ ಎಂಬುದು ತಾನಾಗಿಯೇ ಗೊತ್ತಾಗಿತ್ತು. ಲೇಸಿನ ಗುಟ್ಟು ಅದು.

ಮದುವೆ ಮಾತುಕತೆಯಲ್ಲೂ ಅದು ಬಂತು. ಬೇಲೂರಿನ ಕೆಇಬಿ ಕಚೇರಿಯಲ್ಲಿ ಕೆಲಸದಲ್ಲಿದ್ದ ದೇವರಾಜ್ ನೋಡಲು ಬಂದ ದಿನ, ಕಾಫಿ ತಟ್ಟೆ ಹಿಡಿದು ನಿಂತಿದ್ದಾಗ ಎದೆ ಶುರುವಾಗಿ ತಟ್ಟೆಯಲ್ಲಿದ್ದ ಲೋಟಗಳು ಗಲಗಲ ಎಂದವು. ಮಾರಮ್ಮ, ಹುಡುಗಿಗೆ ಹುಡುಗ ಹಿಡಿಸಿದ್ದಾನೆ ಎಂದು ಅರ್ಥ ಮಾಡಿಕೊಂಡರು. ದೇವರಾಜ್ ಕೂಡ ಹಾಗೇ ಅರ್ಥ ಮಾಡಿಕೊಂಡರು. ಹುಡುಗಿ ಇಲ್ಲ ಎನ್ನಲಿಲ್ಲ, ಮದುವೆಯಾಯಿತು.

ಮದುವೆಯಾದ ಮೇಲೆ ದೇವರಾಜ್ ಒಂದೆರಡು ಸಲ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೋಟರ್ ಬೈಕು ಆಸ್ಪತ್ರೆಯ ಗೇಟು ದಾಟುವುದರೊಳಗೆ ಎದೆ ನೆಟ್ಟಗಾಗಿರುತ್ತಿತ್ತು. ಇಸಿಜಿ ತೆಗೆದರೆ ದೋಷವೇನೂ ಕಾಣುತ್ತಿರಲಿಲ್ಲ. ಟೆನ್ಷನ್ ಮಾಡ್ಕೋಬೇಡಿ ಎಂದು ಒಬ್ಬರು ಹೇಳಿದರು. ನಿದ್ದೆ ಮಾತ್ರೆ ಬರೆದುಕೊಟ್ಟರು ಇನ್ನೊಬ್ಬರು. ಆ ಮಾತ್ರೆ ನುಂಗಿ ಬಂದ ದಿನ ಮೇಡಂ ಸ್ಟಾಫ್ ರೂಮಿನಲ್ಲಿ ಕೂತಲ್ಲೇ ನಿದ್ದೆ ಮಾಡಿದರು. ಅದು ಬಿಟ್ಟರೆ ಬೇರೆ ಪರಿಣಾಮವಾಗಲಿಲ್ಲ.

ಹೀಗೇ ಇರುವಾಗ ಹೋದ ವರ್ಷ ಬೇಲೂರಿನಲ್ಲಿ ತಾಲ್ಲೂಕು ಮಟ್ಟದ ಕ್ರೀಡಾಕೂಟ ನಡೆಯಿತು. ನಮ್ಮ ಶಾಲೆಯ ಹುಡುಗಿಯರು ಕಬಡ್ಡಿಯ ಮೊದಲ ಸುತ್ತಿನಲ್ಲೇ ಸೋತು ಐಸ್‌ಕ್ಯಾಂಡಿ ತಿನ್ನುತ್ತಾ ಕೂತಿದ್ದರು. ಫೈನಲ್ಲು ಅರೇಹಳ್ಳಿಗೂ ಬಿಕ್ಕೋಡಿಗೂ ಬಿತ್ತು. ಮೀನಾಕ್ಷಿ ಮೇಡಂ ಎರಡು ಕಡೆಯವರಿಗೂ ಬೇಕಾದವರಲ್ಲ ಎಂಬ ಕಾರಣಕ್ಕೆ ಅವರನ್ನೇ ರೆಫರಿ ಮಾಡಿದರು. ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತಿದ್ದರು. ಕೇಳಿದಾಗಲೆಲ್ಲ ಟೀ ಬರುತ್ತಿತ್ತು, ಕೇಳದಿದ್ದಾಗಲೂ ಬರುತ್ತಿತ್ತು. ಎಲ್ಲವನ್ನೂ ಕುಡಿದಿದ್ದರು.

ಆಟದ ದ್ವಿತೀಯಾರ್ಧದಲ್ಲಿ ಅವರು ಲೇಸು ಕಟ್ಟಲು ಕೂತಿದ್ದನ್ನು ನಾನು ನೋಡಿದೆ. ಸ್ವಲ್ಪ ಹೊತ್ತಿಗೇ ಮತ್ತೆ ಕೂತರು. ಎದ್ದು ವಿಷಲ್ ಊದಿದರೆ ಎಂದಿನ ಸದ್ದಿಲ್ಲ, ಗಾಳಿ ಹೋದ ಸೈಕಲ್ ಟ್ಯೂಬಿನ ಹಾಗೆ ಬಂತು. ಆದರೂ ಆಟ ನಿಲ್ಲಿಸಲಿಲ್ಲ. ಕೊನೆಯ ರೈಡಿನಲ್ಲಿ ಬಿಕ್ಕೋಡಿನ ಹುಡುಗಿಯನ್ನು ಅರೇಹಳ್ಳಿಯವರು ಕಾಲು ಹಿಡಿದು ಕೆಡವಿದರು. ಆಕೆ ಬಿದ್ದಲ್ಲಿಂದಲೇ ಕೈ ಚಾಚಿದಳು. ಕೈ ನಡುಗೆರೆ ಮುಟ್ಟಿದ್ದರೆ ಬಿಕ್ಕೋಡು ಗೆಲ್ಲುತ್ತಿತ್ತು. ಮೇಡಂ ಔಟ್ ಕೊಟ್ಟರು. ಬಿಕ್ಕೋಡಿನ ಪಿ.ಟಿ. ಮೇಷ್ಟ್ರು ಚನ್ನೇಶ್ ಒಳಗೆ ನುಗ್ಗಿ, ಬೆರಳು ಮುಟ್ಟಿದೆ, ಊರೆಲ್ಲ ನೋಡಿದೆ ಎಂದು ವಾದಕ್ಕೆ ನಿಂತರು. ಮೇಡಂ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮಣ್ಣಿನ ಮೇಲೆ ಬೆರಳಿನ ಗುರುತು ಎಲ್ಲಿಗೆ ನಿಂತಿದೆ ಎಂದು ಬಗ್ಗಿ ತೋರಿಸಿ, ಸ್ಕೋರ್ ಶೀಟಿಗೆ ಸಹಿ ಹಾಕಿ, ನೇರ ನಾನು ಕೂತಿದ್ದ ಶಾಮಿಯಾನದ ಕಡೆ ನಡೆದು ಬಂದರು. ಮುಖ ಸುಣ್ಣದ ಹಾಗಿತ್ತು.

"ಇಂದುಧರ್ ಸರ್, ನಿಮ್ಮ ಕಾರ್ ತೆಗೀತೀರಾ? ಆಸ್ಪತ್ರೆಗೆ ಹೋಗಬೇಕಿತ್ತು. ಟೀ ಕುಡಿದು ಬನ್ನಿ, ಅವಸರ ಇಲ್ಲ."

ನಾನು ಟೀ ಕುಡಿಯಲಿಲ್ಲ.

ಆಸ್ಪತ್ರೆ ಹತ್ತಿರದಲ್ಲೇ ಇತ್ತು. ದಾರಿಯಲ್ಲಿ ಮೇಡಂ ಕಿಟಕಿಗೆ ತಲೆ ಆನಿಸಿಕೊಂಡು, ಗೇಟು ದಾಟುವಷ್ಟರಲ್ಲಿ ಇದು ನಿಂತುಬಿಡುತ್ತೆ ನೋಡ್ತಿರಿ, ನಿಮ್ಮ ಪೆಟ್ರೋಲ್ ದಂಡ ಎಂದರು. ಗೇಟು ದಾಟಿದೆವು. ನಿಲ್ಲಲಿಲ್ಲ. ಮೊದಲ ಸಲ ಅದು ಅವರ ಜೊತೆ ಒಳಗೆ ಬಂದಿತ್ತು.

ಡ್ಯೂಟಿಯಲ್ಲಿದ್ದವರು ಹೇಮಾಶ್ರೀ ಎಂಬ ಎಳೆಯ ವಯಸ್ಸಿನ ಡಾಕ್ಟರು. ಮಾಲಿನಿ ಎಂಬ ನರ್ಸು ಮಣಿಕಟ್ಟು ಹಿಡಿದು ನಾಡಿ ಎಣಿಸಲು ನೋಡಿ, ಎಣಿಕೆ ತಪ್ಪಿ, ಮತ್ತೆ ಶುರುಮಾಡಿ, ಕೈ ಬಿಟ್ಟು ಮಾನಿಟರ್ ಹಚ್ಚಿದರು. ನೂರ ತೊಂಬತ್ತಾರು ಎಂದು ತೋರಿಸಿತು. ಡಾಕ್ಟರು ಬರೆದುಕೊಳ್ಳುತ್ತಾ, ಇದು ಮೊದಲ ಸಲವಾ ಎಂದು ಕೇಳಿದರು. ಅಲ್ಲ, ಏಳನೇ ಕ್ಲಾಸಿನಿಂದ ಬರ್ತಿದೆ ಎಂದರು ಮೇಡಂ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅವರ ಮುಖ ನೋಡಿದರು.

ಇಸಿಜಿ ತೆಗೆದರು. ಗೆರೆಗಳು ಬಾಚಣಿಗೆಯ ಹಲ್ಲಿನ ಹಾಗೆ ಒತ್ತೊತ್ತಾಗಿ ಬಂದವು. ಡಾಕ್ಟರು ಅದರ ಫೋಟೋ ತೆಗೆದು ಹಾಸನದ ಹೃದಯದ ಡಾಕ್ಟರಿಗೆ ಕಳಿಸಿ, ಫೋನಿನಲ್ಲಿ ಮಾತಾಡಿಕೊಂಡು ಬಂದು, ಹಾಸಿಗೆಯ ಅಂಚಿನಲ್ಲೇ ಕೂತು ವಿವರಿಸಿದರು. ಹೃದಯಕ್ಕೆ ಕರೆಂಟ್ ಹರಿಯುವ ದಾರಿ ಒಂದಿರುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಅದರ ಪಕ್ಕಕ್ಕೆ ಇನ್ನೊಂದು ಕಿರುದಾರಿ ಇರುತ್ತದೆ. ಕರೆಂಟು ಯಾವಾಗಲೋ ಒಮ್ಮೆ ಆ ಎರಡರ ಮಧ್ಯೆ ಸಿಕ್ಕಿಕೊಂಡು ಗಾಣದೆತ್ತಿನ ಹಾಗೆ ಸುತ್ತುತ್ತದೆ. ಎದೆ ಅದರ ಹಿಂದೆಯೇ ಓಡುತ್ತದೆ. ಹೆಂಗಸರಲ್ಲಿ ಹೆಚ್ಚು, ಬಹಳ ಸಲ ಗ್ಯಾಸು, ಟೆನ್ಷನ್ನು ಎಂದು ಹೇಳಿ ಕಳಿಸುತ್ತಾರೆ.

ಮೊದಲು ಸೂಜಿ ತೆಗೆದ ಸಿರಿಂಜನ್ನು ಬಾಯಿಗೆ ಕೊಟ್ಟು, ಒಳಗಿನ ದಂಡ ಅಲುಗಾಡುವ ಹಾಗೆ ಊದಲು ಹೇಳಿದರು. ಊದುವುದೇ ನನ್ನ ಕೆಲಸ ಎಂದು ಮೇಡಂ ಉಸಿರು ಕಟ್ಟಿ ಊದಿದರು. ತಕ್ಷಣ ಅವರನ್ನು ಮಲಗಿಸಿ ನಾನೂ ನರ್ಸೂ ಕಾಲು ಎತ್ತಿ ಹಿಡಿದೆವು. ನೂರ ತೊಂಬತ್ತಾರು ನೂರ ತೊಂಬತ್ತಾರಾಗಿಯೇ ಉಳಿಯಿತು. ಬಿ.ಪಿ. ಇಳಿಯತೊಡಗಿತ್ತು.

ಡಾಕ್ಟರು ಮೊಣಕೈ ಒಳಬದಿಯ ದಪ್ಪ ನರಕ್ಕೆ ಸೂಜಿ ಏರಿಸಿದರು. ಎದೆಗೆ ಎರಡು ದೊಡ್ಡ ಪಟ್ಟಿ ಅಂಟಿಸಿ, ಶಾಕ್ ಕೊಡುವ ಯಂತ್ರವನ್ನು ಪಕ್ಕಕ್ಕೆ ತಂದಿಟ್ಟುಕೊಂಡರು. ಅಸ್ತಮಾ ಇದೆಯೇ ಎಂದು ಕೇಳಿದರು. ಇಲ್ಲ ಎಂದ ಮೇಲೆ ಔಷಧಿಯ ವಿಷಯ ಹೇಳಿದರು. ಅದರ ಹೆಸರು ಅಡೆನೊಸಿನ್. ರಕ್ತಕ್ಕೆ ಸೇರಿದ ಕೆಲವೇ ಸೆಕೆಂಡಿನಲ್ಲಿ ಕರಗಿಹೋಗುತ್ತದೆ, ಅದಕ್ಕೇ ಜೋರಾಗಿ ಒತ್ತಿ, ಹಿಂದೆಯೇ ಸಲೈನ್ ನೂಕಿ, ಕೈ ಎತ್ತಿ ಹಿಡಿಯಬೇಕು. ಅಷ್ಟರೊಳಗೆ ಅದು ಹೃದಯ ತಲುಪಿ, ಸುತ್ತುವ ಕರೆಂಟನ್ನು ಒಂದು ಕ್ಷಣ ಕಡಿಯುತ್ತದೆ. ಆ ಒಂದು ಕ್ಷಣ ಹೃದಯ ನಿಲ್ಲುತ್ತದೆ, ಆಮೇಲೆ ತನ್ನ ಸರಿಯಾದ ದಾರಿಯಲ್ಲಿ ಶುರುವಾಗುತ್ತದೆ.

ನಿಲ್ಲುತ್ತದೆ ಎಂಬ ಮಾತಿಗೆ ನಾನು ಬಾಗಿಲು ಎಲ್ಲಿದೆ ಎಂದು ನೋಡಿಕೊಂಡೆ.

"ಇನ್ನೊಂದು ವಿಷಯ ಮುಂಚೇನೇ ಹೇಳಿಬಿಡ್ತೀನಿ" ಎಂದರು ಡಾಕ್ಟರು. "ಔಷಧಿ ಹೋದಾಗ ಸತ್ತೇಹೋದೆ ಅನ್ನಿಸುತ್ತೆ. ತುಂಬ ಹೆದರಿಕೆ ಆಗುತ್ತೆ. ಬೇಗ ಹೋಗಿಬಿಡುತ್ತೆ, ಆದರೆ ಆಗೋದಂತೂ ಆಗುತ್ತೆ."

"ನಂಗೆ ಹೆದರಿಕೆ ಆಗಲ್ಲ ಡಾಕ್ಟ್ರೇ. ನಮ್ಮನೇಲಿ ಆ ಅಭ್ಯಾಸ ಇಲ್ಲ."

"ಆಗುತ್ತೆ ಮೇಡಂ."

ಮೊದಲ ಡೋಸು ಕೊಟ್ಟರು. ಮೇಡಂ ಮುಖ ಸ್ವಲ್ಪ ಕೆಂಪಾಯಿತು. ಮಾನಿಟರಿನ ಗೆರೆ ಒಂದೆರಡು ಸಲ ತಡವರಿಸಿ ಮತ್ತೆ ಓಡತೊಡಗಿತು. ಬೆಳಿಗ್ಗೆಯಿಂದ ಕಾಫಿ, ಟೀ ಏನಾದರೂ ಕುಡಿದಿದ್ದೀರಾ ಎಂದು ಡಾಕ್ಟರು ಕೇಳಿದರು. ಮೇಡಂ ನನ್ನ ಕಡೆ ನೋಡಿದರು. ಎಣಿಸಿಲ್ಲ ಎಂದೆ ನಾನು. ಟೀ ಕಾಫಿ ಈ ಔಷಧಿಗೆ ಅಡ್ಡ ಬರುತ್ತವಂತೆ. ಡಾಕ್ಟರು ಎರಡನೆಯ ಸಲಕ್ಕೆ ಡೋಸನ್ನು ದುಪ್ಪಟ್ಟು ಮಾಡಿದರು. ನರ್ಸು ಒಂದು ಕೈಯಲ್ಲಿ ಸಲೈನ್ ಸಿರಿಂಜು ಹಿಡಿದು ತಯಾರಾಗಿ ನಿಂತರು. ಔಷಧಿ ಒತ್ತಿದ ಹಿಂದೆಯೇ ಸಲೈನ್ ಹೋಯಿತು, ಕೈ ಮೇಲೆ ಹೋಯಿತು.

ನಾನು ಮಾನಿಟರ್ ನೋಡಬಾರದು ಎಂದುಕೊಂಡಿದ್ದೆ, ಆದರೆ ನೋಡಲು ಕೋಣೆಯಲ್ಲಿ ಬೇರೆ ಏನೂ ಇರಲಿಲ್ಲ. ಬಾಚಣಿಗೆಯ ಹಲ್ಲು ಮುಗಿದು ಗೆರೆ ಚಪ್ಪಟೆಯಾಯಿತು. ಹಾಗೇ ಹೋಗುತ್ತಾ ಇತ್ತು. ಮೀನಾಕ್ಷಿ ಮೇಡಂ ಕಣ್ಣು ಅಗಲವಾಗಿ ತೆರೆದು ಛಾವಣಿ ನೋಡಿದರು. ನರ್ಸಿನ ಮಣಿಕಟ್ಟನ್ನು ಹಿಡಿದ ಅವರ ಕೈ ಬೆಳ್ಳಗಾಯಿತು. ಆಮೇಲೆ ತೀರ ಸಣ್ಣ ದನಿಯಲ್ಲಿ, ಸಣ್ಣ ಹುಡುಗಿ ಕರೆಯುವ ಹಾಗೆ, "ಅವ್ವಾ" ಎಂದರು.

ಗೆರೆಯ ಮೇಲೆ ಒಂದು ಗುಡ್ಡ ಎದ್ದಿತು. ಸ್ವಲ್ಪ ಬಿಟ್ಟು ಓರೆಕೋರೆಯಾಗಿ ಇನ್ನೊಂದು. ಆಮೇಲೆ ಒಂದರ ಹಿಂದೊಂದು, ಸಮನಾಗಿ, ಅವಸರವಿಲ್ಲದೆ ಬರತೊಡಗಿದವು. ಎಂಬತ್ತೆರಡು.

ನರ್ಸು ಮಾಲಿನಿ, ಕೈ ಬಿಡ್ತೀರಾ ಮೇಡಂ, ಬೆರಳು ಮರಗಟ್ಟಿದೆ ಎಂದರು. ಮೇಡಂ ಕೈ ಬಿಟ್ಟರು.

"ಹೆದರಿಕೆ ಆಯ್ತು" ಎಂದರು.

ಡಾಕ್ಟರು ತಲೆಯಾಡಿಸಿ, ಹೊಸ ಇಸಿಜಿ ತೆಗೆಯುವ ಕೆಲಸಕ್ಕೆ ತೊಡಗಿದರು. ಮೇಡಂ ಮಾತ್ರ ಛಾವಣಿ ನೋಡುತ್ತಲೇ ಇದ್ದರು. ಬಹಳ ಹೊತ್ತಾದ ಮೇಲೆ, ಲೆಕ್ಕದಲ್ಲಿ ತಪ್ಪು ಸಿಕ್ಕವರ ಹಾಗೆ ಡಾಕ್ಟರ ಕಡೆ ತಿರುಗಿದರು.

"ಹೆದರಿಕೆ ಅಂದ್ರೆ ಇದಾ ಡಾಕ್ಟ್ರೇ?"

"ಹೌದು, ಇದೇ."

"ಹಾಗಾದ್ರೆ ಇಷ್ಟು ವರ್ಷ ನಂಗೆ ಆಗ್ತಿದ್ದದ್ದು ಇದಲ್ಲ."

ಅದು ಅವರ ಕರೆಂಟಿನ ತೊಂದರೆ, ಹೆದರಿಕೆಗೂ ಅದಕ್ಕೂ ನಂಟಿಲ್ಲ ಎಂದು ಡಾಕ್ಟರು ಇನ್ನೊಮ್ಮೆ ಹೇಳಿದರು. ಮೇಡಂ ಇನ್ನೊಮ್ಮೆ ಕೇಳಿದರು, ಡಾಕ್ಟರು ಬೇಸರವಿಲ್ಲದೆ ಇನ್ನೊಮ್ಮೆ ಹೇಳಿದರು. ಆಗ ಮೇಡಂ ಮುಖ ಗೋಡೆಯ ಕಡೆ ತಿರುಗಿಸಿಕೊಂಡು ಅತ್ತರು. ನಾನು ಅವರು ಅತ್ತದ್ದನ್ನು ಹಿಂದೆ ನೋಡಿರಲಿಲ್ಲ. ಇಂಥಲ್ಲಿ ಏನು ಮಾಡಬೇಕೆಂದು ತಿಳಿಯದೆ ಅವರ ಶೂಗಳನ್ನು ಮಂಚದ ಕೆಳಗೆ ಜೋಡಿಸಿಟ್ಟೆ.

ದೇವರಾಜ್ ಕಚೇರಿಯಿಂದ ಓಡಿಬಂದರು. ಡಾಕ್ಟರು ಅವರಿಗೂ ಎಲ್ಲವನ್ನೂ ವಿವರಿಸಿದರು. ಹುಟ್ಟಿದಾಗಿನಿಂದ ಇರುವ ತೊಂದರೆ, ಯಾವ ಕಾರಣವೂ ಬೇಡ, ಸುಮ್ಮನೆ ಬರುತ್ತದೆ ಎಂದರು. ದೇವರಾಜ್ ಕೆಇಬಿಯವರಾದ್ದರಿಂದ ಕರೆಂಟಿನ ಭಾಗ ಬೇಗ ಅರ್ಥವಾಯಿತು. ಡಾಕ್ಟರು ಹೋದ ಮೇಲೆ ಹೆಂಡತಿಯ ಪಕ್ಕ ಕೂತು ಸ್ವಲ್ಪ ಯೋಚನೆ ಮಾಡಿದರು.

"ಹಂಗಾದ್ರೆ ಮೀನಾ, ಅವತ್ತು ಕಾಫಿ ತಂದಾಗ ಲೋಟ ನಡುಗಿದ್ದು, ನನ್ನ ನೋಡಿ ಅಲ್ವಾ?"

"ಅಲ್ಲ ಕಣ್ರೀ."

ದೇವರಾಜ್ ತಲೆದೂಗಿ, ಮೂಸಂಬಿ ಬಿಡಿಸತೊಡಗಿದರು.

ಸಂಜೆಯ ಬಸ್ಸಿಗೆ ಅರಸೀಕೆರೆಯಿಂದ ಮರಿಯಣ್ಣ, ಮಾರಮ್ಮ ಬಂದರು. ಮೇಡಂ ಅವರನ್ನು ಆಗಲೇ ವಾರ್ಡಿಗೆ ಹಾಕಿದ್ದರು. ಮಾರಮ್ಮ ಮಗಳ ತಲೆ, ಕೆನ್ನೆ, ಕೈ ಎಲ್ಲ ಸವರಿ ನೋಡಿ, ಉಂಡಿದ್ದಾಳೆಯೇ ಎಂದು ಅಳಿಯನನ್ನು ವಿಚಾರಿಸಿದರು. ಮರಿಯಣ್ಣ ಎಪ್ಪತ್ತು ದಾಟಿದ್ದರೂ ನೆಟ್ಟಗಿದ್ದವರು. ಮಂಚದ ಕಾಲಬುಡದಲ್ಲಿ ನಿಂತು, ಈಗ ಹೆಂಗೈತೆ ಎಂದರು. ಮೇಡಂ ಚೆನ್ನಾಗಿದೆ ಎಂದರು. ಅಲ್ಲಿಗೆ ಮಾತು ಮುಗಿಯಬೇಕಿತ್ತು, ಆ ಮನೆಯ ಪದ್ಧತಿ ಹಾಗೆ. ಆದರೆ ಮೇಡಂ ಎದ್ದು ಕೂತರು.

"ಅಪ್ಪಾ, ಅದು ಹೆದರಿಕೆ ಅಲ್ವಂತೆ."

ಮೇಡಂ ಎಲ್ಲವನ್ನೂ ಹೇಳಿದರು, ಕಿರುದಾರಿಯ ವಿಷಯ, ಔಷಧಿಯ ವಿಷಯ. ಹೆದರಿಕೆ ಅಂದರೆ ಹೇಗಿರುತ್ತೆ ಅಂತ ಇವತ್ತು ಗೊತ್ತಾಯಿತು, ಆ ಒಳಗಿನ ಕೋಣೆಯಲ್ಲಿ ಔಷಧಿ ಕೊಟ್ಟಾಗ ಎಂದರು. ಹಾಸನದಲ್ಲಿ ಸೆಲೆಕ್ಷನ್ ದಿನ ಇದ್ದದ್ದು ಅದಲ್ಲ ಎಂದು ಹೇಳುವಾಗ ದನಿ ಏರಲಿಲ್ಲ. ಮರಿಯಣ್ಣ ಡಾಕ್ಟರು ಬರುವವರೆಗೆ ಕಾದು ಅವರನ್ನೇ ಕೇಳಿದರು. ಡಾಕ್ಟರು ಅದೇ ಮಾತು ಹೇಳಿದರು. ಮೇನ್ ಲೈನಿಗೆ ಹೋಗಬೇಕಾದ ಗಾಡಿ ಲೂಪ್ ಲೈನಿಗೆ ತಿರುಗಿಕೊಂಡ ಹಾಗಾ ಎಂದು ಮರಿಯಣ್ಣ ಕೇಳಿದರು. ಡಾಕ್ಟರಿಗೆ ರೈಲಿನ ವಿಷಯ ಗೊತ್ತಿರಲಿಲ್ಲ. ಸುಮಾರಾಗಿ ಹಾಗೇ ಎಂದರು.

ಮರಿಯಣ್ಣ ಹೊರಗೆ ಹೋದರು. ನಾನು ಮನೆಗೆ ಹೊರಟಾಗ ಜಗಲಿಯ ಬೆಂಚಿನ ಮೇಲೆ ಕೂತಿದ್ದರು. ಹೋಗಿಬರ್ತೀನಿ ಎಂದು ಹೇಳಲು ನಿಂತೆ.

"ಮೇಷ್ಟ್ರೇ, ಆ ಮಗೀಗೆ ಹೆದರಿಕೇನೇ ಇರ್ನಿಲ್ಲ" ಎಂದರು. "ಎಲ್ಲಿ ಹೆದರಿಬಿಡ್ತಾಳೋ ಅಂತ ನಾನೇ ಹೆದ್ರುಕೊಂಡಿದ್ದೆ. ಅಂಥ ಎದೆ ಇಟ್ಕೊಂಡು ಓಡು ಅಂದಿದ್ಕೆ ಓಡಿದ್ಲು ನೋಡಿ."

ನಾನು ಅವರ ಪಕ್ಕ ಸ್ವಲ್ಪ ಹೊತ್ತು ಕೂತೆ. ಆಮೇಲೆ ಮರಿಯಣ್ಣ ಎದ್ದು ಒಳಗೆ ಹೋದರು. ಮಗಳ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ನಾನು ತಪ್ಪು ತಿಳ್ಕೊಂಡಿದ್ದೆ ಕಣವ್ವ ಎಂದರಂತೆ. ಮೇಡಂ, ನೀವೊಬ್ಬರೇ ಅಲ್ಲ ಬಿಡಿ ಅಪ್ಪಾ ಎಂದರಂತೆ. ಮಾರಮ್ಮ, ಗಾಳಿ ಅಂತ ತಾನು ಹೇಳಿದ್ದನ್ನು ಮಾತ್ರ ಯಾರೂ ತಪ್ಪು ಎಂದು ಸಾಬೀತು ಮಾಡಿಲ್ಲ ಎಂದು ನೆನಪಿಸಿದರು.

ಡಾಕ್ಟರು ಸದ್ಯಕ್ಕೆಂದು ಮಾತ್ರೆ ಬರೆದುಕೊಟ್ಟರು. ಮತ್ತೆ ಬಾರದ ಹಾಗೆ ಮಾಡಬೇಕಾದರೆ ಆ ಕಿರುದಾರಿಯನ್ನೇ ಸುಡಬೇಕು ಎಂದು ಹಾಸನದ ಡಾಕ್ಟರು ಹೇಳಿದ್ದರಿಂದ, ದಸರಾ ರಜೆಯಲ್ಲಿ ಮೈಸೂರಿಗೆ ಹೋದರು. ತೊಡೆಯ ಸಂದಿನ ನರದಿಂದ ತೆಳುವಾದ ತಂತಿ ಏರಿಸಿ ಅದನ್ನು ಸುಟ್ಟರು. ಮರಿಯಣ್ಣ ಬೇಡವೆಂದರೂ ಜೊತೆಗೆ ಹೋಗಿದ್ದರು. ಬಾಗಿಲ ಹೊರಗೆ ಕೂತಲ್ಲಿ ಕೂರದೆ ಎದ್ದೆದ್ದು ಓಡಾಡುತ್ತಿದ್ದರಂತೆ. ಹೆದರಿಕೆ ಆಗ್ತಿದೆಯಾ ಮಾವ ಎಂದು ದೇವರಾಜ್ ಕೇಳಿದ್ದಕ್ಕೆ, ಹೌದು ಎಂದರಂತೆ. ಆ ಮನೆಯಲ್ಲಿ ಹಾಗೆ ಒಪ್ಪಿಕೊಂಡವರಲ್ಲಿ ಅವರು ಎರಡನೆಯವರು.

ಶಾಲೆಗೆ ಮರಳಿದ ಮೇಲೆ ಕೆಲವು ತಿಂಗಳು ಮೇಡಂ ಒಂದು ಹೊಸ ಅಭ್ಯಾಸ ಮಾಡಿಕೊಂಡಿದ್ದರು. ಡ್ರಿಲ್ ಮಾಡಿಸುತ್ತಾ, ಊಟ ಮಾಡುತ್ತಾ, ಮಾತಾಡುತ್ತಾ ಇದ್ದಕ್ಕಿದ್ದಂತೆ ಸುಮ್ಮನಾಗಿಬಿಡುವರು. ಏನಾಯಿತು ಎಂದು ಕೇಳಿದರೆ, ಏನೂ ಇಲ್ಲ ಸರ್, ಬರುತ್ತೇನೋ ಅಂತ ನೋಡ್ತಿದ್ದೆ ಎನ್ನುವರು. ಬರಲಿಲ್ಲ. ನಿಧಾನಕ್ಕೆ ನೋಡುವುದೂ ಕಡಿಮೆಯಾಯಿತು.

ಈ ವರ್ಷ ಹಾಸನದಲ್ಲಿ ಸರ್ಕಾರಿ ನೌಕರರ ಕ್ರೀಡಾಕೂಟ ನಡೆದಾಗ, ಮೇಡಂ ನಲವತ್ತು ದಾಟಿದ ಮಹಿಳೆಯರ ನೂರು ಮೀಟರ್ ಓಟಕ್ಕೆ ಹೆಸರು ಕೊಟ್ಟರು. ನಾನು ಚದುರಂಗಕ್ಕೆ ಕೊಟ್ಟಿದ್ದೆ, ಮೊದಲ ಸುತ್ತಿನಲ್ಲೇ ಸೋತು ಬಿಡುವಾಗಿದ್ದೆ. ಮರಿಯಣ್ಣ ಅರಸೀಕೆರೆಯಿಂದ ಒಬ್ಬರೇ ಬಂದಿದ್ದರು. ಕೊಡೆ ಊರಿಕೊಂಡು ಓಟ ಶುರುವಾಗುವ ಗೆರೆಯ ಹತ್ತಿರ ನಿಂತರು, ಓಡು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಮೊದಲ ಬಹುಮಾನ ಖಜಾನೆ ಇಲಾಖೆಗೆ ಹೋಯಿತು. ಮೇಡಂ ನಾಲ್ಕನೆಯವರಾಗಿ ಬಂದು, ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಾ ನಿಂತರು. ಎದೆ ಹೇಗಿದೆ ಎಂದು ನಾನು ಕೇಳಿದೆ. ಬಡ್ಕೊಳ್ತಿದೆ ಸರ್, ಓಡಿದ್ದೀನಲ್ಲ ಎಂದರು.

ನಾಲ್ಕನೆಯವರಿಗೆ ಪದಕ ಕೊಡುವ ಪದ್ಧತಿ ಇಲ್ಲ. ಊಟ ನೌಕರರೆಲ್ಲರಿಗೂ ಇತ್ತು. ನೌಕರರಲ್ಲದವರಿಗೆ ಊಟ ಇಲ್ಲವೆಂದು ಬಾಗಿಲಲ್ಲಿದ್ದವನು ಮರಿಯಣ್ಣನವರನ್ನು ತಡೆದ. ಅವರು ರೈಲ್ವೆಯ ಗುರುತಿನ ಚೀಟಿ ತೆಗೆದು ತೋರಿಸಿದರು. ಅವನು ತಿರುಗಿಸಿ ಮುರುಗಿಸಿ ನೋಡಿ, ಇದು ಕೇಂದ್ರ ಸರ್ಕಾರದ್ದಲ್ಲವೇ ಎಂದ. ಹೌದು, ಸಾರು ಆರುತ್ತೆ ದಾರಿ ಬಿಡಪ್ಪ ಎಂದು ಮರಿಯಣ್ಣ ಮಗಳ ಹಿಂದೆ ಒಳಗೆ ಹೋದರು.